ಹಳೆಯ ಡೀಸೆಲ್ ಕಾರುಗಳ ಇಂಧನ ಮಿತವ್ಯಯ

ಬಹುಕಾಲ ಓಡಿದ ಡೀಸೆಲ್ ಕಾರು ಒಂದು ಲೀಟರ್ ಇಂಧನಕ್ಕೆ ಎಷ್ಟು ದೂರ ಸಾಗುತ್ತದೆ, ಆ ದೂರ ಏಕೆ ಕುಗ್ಗುತ್ತದೆ, ಕುಗ್ಗಿದ್ದನ್ನು ಎಷ್ಟರಮಟ್ಟಿಗೆ ಮರಳಿ ಪಡೆಯಬಹುದು ಎಂಬ ವಿಷಯ. ಆಡುಮಾತಿನಲ್ಲಿ ಇದು ಮೈಲೇಜ್. ಈ ಲೇಖನ ಮುಖ್ಯವಾಗಿ ಭಾರತದ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಮಾಲಿನ್ಯ ನಿಯಮ ಜಾರಿಗೆ ಬರುವ ಮುನ್ನ ತಯಾರಾದ ಕಾರುಗಳನ್ನು ಕುರಿತದ್ದು. ಇಂಥ ಕಾರಿಗೆ ಹುಟ್ಟಿನಲ್ಲಿ ಇಲ್ಲದ ಮೈಲೇಜನ್ನು ಹೊರಗಿನಿಂದ ತಂದು ತುಂಬುವುದು ಬಹುಮಟ್ಟಿಗೆ ಆಗದ ಕೆಲಸ. ಕಾರ್ಖಾನೆಯಿಂದ ಬಂದಾಗ ಇದ್ದು ವರ್ಷಗಳಲ್ಲಿ ಸೋರಿಹೋದದ್ದನ್ನು ಹುಡುಕಿ ತರುವುದು ಆಗುವ ಕೆಲಸ. ಮಾರುಕಟ್ಟೆಯ ಜಾಹೀರಾತುಗಳು ಮೊದಲನೆಯದನ್ನು ಮಾರುತ್ತವೆ. ಒಳ್ಳೆಯ ಮೆಕ್ಯಾನಿಕ್ ಎರಡನೆಯದನ್ನು ಮಾಡುತ್ತಾನೆ.

ಎಂಜಿನ್ನಿನ ಸ್ವಭಾವ

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೆ ಒಡ್ಡಿದ ಎಂಜಿನ್, ಇಂಧನದ ಶಾಖದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚನ್ನೇ ಕೆಲಸವಾಗಿ ಬದಲಿಸಿತು. ಅಂದಿನ ಹಬೆ ಎಂಜಿನ್ನುಗಳು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಆ ಮೇಲುಗೈಯ ಕಾರಣಗಳು ಇಂದಿಗೂ ಅವೇ. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಒಳಗೆಳೆದು ಬಲವಾಗಿ ಒತ್ತುತ್ತದೆ. ಒತ್ತಡಕ್ಕೆ ಕಾದ ಆ ಗಾಳಿಗೆ ಇಂಧನ ಚಿಮ್ಮಿದಾಗ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಡ್ಡವಾಗಿ ಥ್ರಾಟಲ್ ಕವಾಟ ಇರುತ್ತದೆ. ಅರೆತೆರೆದ ಆ ಕವಾಟದ ಮೂಲಕ ಗಾಳಿ ಎಳೆಯುವುದಕ್ಕೇ ಎಂಜಿನ್ನಿನ ಒಂದಷ್ಟು ಶಕ್ತಿ ವ್ಯಯ. ಹಳೆಯ ಡೀಸೆಲ್‌ಗಳಲ್ಲಿ ಅದಿಲ್ಲ. ಇಲ್ಲಿ ಆಕ್ಸಿಲರೇಟರ್ ತುಳಿದರೆ ಹೆಚ್ಚುವುದು ಇಂಧನವೇ ಹೊರತು ಗಾಳಿಯಲ್ಲ. ಹೀಗಾಗಿ ಕಡಿಮೆ ಹೊರೆಯಲ್ಲಿ, ಅಂದರೆ ನಗರದ ನಿಧಾನ ಸಂಚಾರದಲ್ಲಿ, ಡೀಸೆಲ್‌ನ ಲಾಭ ಎದ್ದು ಕಾಣುತ್ತದೆ. ಇಂಧನವೂ ಒಂದು ಕೈ ಸೇರಿಸುತ್ತದೆ: ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೆ ಪೆಟ್ರೋಲಿನಲ್ಲಿ ಸುಮಾರು 32. ಲೀಟರ್ ಲೆಕ್ಕದಲ್ಲಿ ಕಾಣುವ ಡೀಸೆಲ್‌ನ ಹಿರಿಮೆಯಲ್ಲಿ ಒಂದು ಪಾಲು ಎಂಜಿನ್ನಿನ ಜಾಣತನವಲ್ಲ, ಎಣ್ಣೆಯ ಸಾಂದ್ರತೆ.

ಡೀಸೆಲ್ ಕಾರುಗಳಲ್ಲಿ ಎರಡು ತಲೆಮಾರುಗಳನ್ನು ಬೇರೆಯಾಗಿ ನೋಡಬೇಕು. ಮೊದಲನೆಯದರಲ್ಲಿ ಇಂಧನ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ. ಪಕ್ಕದಲ್ಲಿರುವ ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಅಲ್ಲಿಂದ ಜ್ವಾಲೆಯಾಗಿ ಹೊರಬರುತ್ತದೆ. ಸದ್ದು ಕಡಿಮೆ, ಬಿಡಿಭಾಗಗಳು ಸರಳ. ಆದರೆ ಆ ಕೋಣೆಯ ಗೋಡೆಗಳು ಶಾಖವನ್ನು ಹೀರುತ್ತವೆ, ಇಕ್ಕಟ್ಟಾದ ಬಾಯಿಯಲ್ಲಿ ಅನಿಲ ನುಗ್ಗುವಾಗ ಶಕ್ತಿ ನಷ್ಟವಾಗುತ್ತದೆ. ಹಿಂದುಸ್ತಾನ್ ಅಂಬಾಸಿಡರ್‌ನ 1489 ಸಿಸಿ ಡೀಸೆಲ್, ಮಾರುತಿ ಝೆನ್ ಮತ್ತು ಎಸ್ಟೀಮ್‌ಗಳಿಗೆ ಬಂದ ಪೆಜೊ ಕಂಪನಿಯ 1527 ಸಿಸಿ ಎಂಜಿನ್, ಟಾಟಾ ಇಂಡಿಕಾದ 1405 ಸಿಸಿ ಎಂಜಿನ್, ಬಿಡದಿಯಲ್ಲಿ ತಯಾರಾದ ಟೊಯೊಟಾ ಕ್ವಾಲಿಸ್‌ನ 2446 ಸಿಸಿ ಎಂಜಿನ್ ಎಲ್ಲವೂ ಈ ಕುಲದವು. ಎರಡನೆಯ ತಲೆಮಾರು ಸಿಲಿಂಡರಿಗೇ ನೇರವಾಗಿ ಇಂಧನ ಚಿಮ್ಮುವ ಕಾಮನ್ ರೈಲ್. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೊ 156ರೊಂದಿಗೆ ಕಾರುಗಳಿಗೆ ಬಂದ ಈ ತಂತ್ರ ಭಾರತದಲ್ಲಿ 2002ರ ಹ್ಯೂಂಡೈ ಆಕ್ಸೆಂಟ್ ಸಿಆರ್‌ಡಿಐಯಿಂದ ಪರಿಚಿತವಾಯಿತು. 2005ರ ಇನ್ನೋವಾ ಅದನ್ನು ಟ್ಯಾಕ್ಸಿ ಚಾಲಕರ ಕೈಗೂ ತಂದಿತು. 2007ರ ಸ್ವಿಫ್ಟ್ ಡೀಸೆಲ್‌ಗೆ ಬಂದ ಫಿಯಟ್ 1.3 ಮಲ್ಟಿಜೆಟ್ ಮುಂದೆ ಡಿಝೈರ್, ರಿಟ್ಝ್, ಇಂಡಿಕಾ ವಿಸ್ತಾ, ಪುಂಟೊ ಎಂದು ಎಷ್ಟು ಕಾರುಗಳಿಗೆ ಹಬ್ಬಿತೆಂದರೆ, ವಾಹನ ಪತ್ರಕರ್ತರು ಅದಕ್ಕೆ 'ರಾಷ್ಟ್ರೀಯ ಎಂಜಿನ್' ಎಂದು ಹೆಸರಿಟ್ಟರು. ಮೊದಲ ಕುಲದ ಎಂಜಿನ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಕೆಲಸಕ್ಕೆ ಹಚ್ಚಿದರೆ, ಎರಡನೆಯದು ಶೇಕಡ 40ರ ಆಸುಪಾಸು ಮುಟ್ಟುತ್ತದೆ. ಈ ಅಂತರವನ್ನು ಯಾವ ಸರ್ವಿಸ್ಸೂ ತುಂಬಲಾರದು. ಇಂಡಿಕಾದ ಮಾಲೀಕ ತನ್ನ ಕಾರನ್ನು ಪಕ್ಕದ ಮನೆಯ ಸ್ವಿಫ್ಟ್ ಜೊತೆ ಹೋಲಿಸಿ ಕೊರಗುವುದರಲ್ಲಿ ಅರ್ಥವಿಲ್ಲ. ಅದೇ ಇಂಡಿಕಾ ಐದು ವರ್ಷದ ಹಿಂದೆ ಎಷ್ಟು ಕೊಡುತ್ತಿತ್ತು ಎಂಬುದೇ ಸರಿಯಾದ ಹೋಲಿಕೆ.

ಅಳೆಯುವ ಬಗೆ

ಹಾಗೆ ಹೋಲಿಸಲು ನಂಬಬಹುದಾದ ಅಳತೆ ಬೇಕು. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ವರೆಗಿನ ಲೆಕ್ಕವೇ ಈಗಲೂ ಉತ್ತಮ. ಆದರೆ ಡೀಸೆಲ್ ತುಂಬುವಾಗ ನೊರೆ ಏಳುತ್ತದೆ. ಬಂಕ್‌ನ ನಳಿಕೆ ಕಟ್ ಆದಾಗ ಟ್ಯಾಂಕಿನಲ್ಲಿ ಇನ್ನೂ ಒಂದೆರಡು ಲೀಟರಿಗೆ ಜಾಗ ಇರಬಹುದು, ಮುಂದಿನ ಸಲ ಇಲ್ಲದಿರಬಹುದು. 40 ಲೀಟರಿನ ಟ್ಯಾಂಕಿನಲ್ಲಿ ಎರಡು ಲೀಟರ್ ಹೆಚ್ಚುಕಡಿಮೆಯಾದರೆ ಲೆಕ್ಕ ಶೇಕಡ ಐದರಷ್ಟು ತಪ್ಪುತ್ತದೆ. ಅನೇಕ ದುರಸ್ತಿಗಳಿಂದ ಸಿಗುವ ನಿಜವಾದ ಲಾಭ ಅದಕ್ಕಿಂತ ಕಡಿಮೆ. ಆದ್ದರಿಂದ ಒಂದು ಟ್ಯಾಂಕಿನ ಫಲಿತಾಂಶ ನೋಡಿ ಹಿಗ್ಗುವುದೂ ಕುಗ್ಗುವುದೂ ಸಲ್ಲ. ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ನಾಲ್ಕಾರು ಟ್ಯಾಂಕುಗಳ ಒಟ್ಟು ಲೀಟರ್ ಮತ್ತು ಒಟ್ಟು ದೂರ ಇಷ್ಟಿದ್ದರೆ ಸಾಕು. ಟೈರ್ ಅಳತೆ ಬದಲಿಸಿದ ಕಾರಿನಲ್ಲಿ ಓಡೋಮೀಟರೂ ಸುಳ್ಳು ಹೇಳುತ್ತದೆ. ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದಂತೆ ಕಂಡರೆ ಅದರಲ್ಲಿ ಒಂದು ಪಾಲು ಮೀಟರ್ ದೂರವನ್ನು ಕಡಿಮೆ ತೋರಿಸುತ್ತಿರುವುದರಿಂದ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಅಥವಾ ಮೊಬೈಲ್ ನಕ್ಷೆಯ ಜೊತೆ ಒಮ್ಮೆ ತಾಳೆ ನೋಡಿದರೆ ಸಂಶಯ ತೀರುತ್ತದೆ.

ಕಂಪನಿ ಹೇಳಿದ ಅಂಕಿ ಗುರಿಯಾಗಲಾರದು. ಪುಣೆಯ ಎಆರ್‌ಎಐಯಂಥ ವಾಹನ ಸಂಶೋಧನಾ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗಂಟೆಗೆ 90 ಕಿಮೀ ಮೀರದ ಭಾರತೀಯ ಚಾಲನಾ ಚಕ್ರದ ಪ್ರಕಾರ ಓಡಿಸಿ ತೆಗೆದ ಅಂಕಿ ಅದು. ಹೊಂಡ, ಹಂಪ್, ಮಳೆಗಾಲ, ಐದು ಜನ, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಇವು ಯಾವುವೂ ಆ ಪ್ರಯೋಗಶಾಲೆಯಲ್ಲಿ ಇಲ್ಲ.

ಇನ್ನೊಂದು ಭ್ರಮೆ ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲೇ ಅಡಗಿದೆ. ಹತ್ತು ಕೊಡುತ್ತಿದ್ದ ಕಾರು ಹನ್ನೆರಡಕ್ಕೆ ಏರಿದರೆ ಸಾವಿರ ಕಿಲೋಮೀಟರಿಗೆ ಸುಮಾರು 17 ಲೀಟರ್ ಉಳಿಯುತ್ತದೆ. ಇಪ್ಪತ್ತು ಕೊಡುತ್ತಿದ್ದದ್ದು ಇಪ್ಪತ್ತೆರಡಕ್ಕೆ ಏರಿದರೆ ಉಳಿಯುವುದು ನಾಲ್ಕೂವರೆ ಲೀಟರ್ ಮಾತ್ರ. ಎರಡು ಕಡೆಯೂ ಏರಿಕೆ ಎರಡೇ. ಯುರೋಪಿನವರು 100 ಕಿಮೀಗೆ ಎಷ್ಟು ಲೀಟರ್ ಎಂದು ಬರೆಯುವುದರಿಂದ ಈ ವ್ಯತ್ಯಾಸ ಅವರ ಕಣ್ಣಿಗೆ ನೇರವಾಗಿ ಬೀಳುತ್ತದೆ. ಭಾರವಾದ, ಹೆಚ್ಚು ಕುಡಿಯುವ ಕ್ವಾಲಿಸ್, ಸುಮೊ, ಬೊಲೆರೊಗಳ ಮೇಲೆ ಹಾಕಿದ ಶ್ರಮವೇ ಹೆಚ್ಚು ಫಲ ಕೊಡುತ್ತದೆ ಎಂಬುದು ಇದರ ಅರ್ಥ.

ಸೋರಿಕೆಯ ಜಾಗಗಳು

ಮೆಕ್ಯಾನಿಕಲ್ ಪಂಪ್ ಇರುವ ಎಂಜಿನ್ ತನ್ನ ಕಾಯಿಲೆಯನ್ನು ಹೊಗೆಯ ಬಣ್ಣದಲ್ಲಿ ಹೇಳುತ್ತದೆ. ಕಪ್ಪು ಹೊಗೆ ಎಂದರೆ ಗಾಳಿಗೆ ಮೀರಿದ ಇಂಧನ, ಅಥವಾ ಸರಿಯಾಗಿ ಹರಡದೆ ಹನಿಯಾಗಿ ಬೀಳುವ ಇಂಧನ. ಎಂಜಿನ್ ಕಾದ ಮೇಲೂ ಬರುವ ಬಿಳಿ ಹೊಗೆ ಸಾಮಾನ್ಯವಾಗಿ ತಡವಾದ ಟೈಮಿಂಗ್ ಅಥವಾ ಕುಸಿದ ಕಂಪ್ರೆಷನ್. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದು. ಹೊಗೆಯನ್ನು ಅಂಕಿಯಲ್ಲಿ ನೋಡುವ ಅಗ್ಗದ ದಾರಿಯೊಂದು ಎಲ್ಲರಿಗೂ ಸಿಗುತ್ತದೆ, ಬಳಸುವವರು ಕಡಿಮೆ. ಹೊಗೆ ತಪಾಸಣೆ ಪ್ರಮಾಣಪತ್ರಕ್ಕಾಗಿ ನಡೆಯುವ ಪರೀಕ್ಷೆ ಹೊಗೆಯ ಅಪಾರದರ್ಶಕತೆಯನ್ನು ಅಳೆಯುತ್ತದೆ. ಬಿಎಸ್ 4ಕ್ಕೆ ಹಿಂದಿನ ಡೀಸೆಲ್ ವಾಹನಗಳಿಗೆ ಮಿತಿ 65 ಹಾರ್ಟ್ರಿಜ್ ಘಟಕ, ಬಿಎಸ್ 4ಕ್ಕೆ 50. ಪಾಸಾಯಿತೆಂದು ಕಾಗದ ಮಡಿಚಿಡುವ ಬದಲು ಪ್ರತಿಸಲದ ಅಂಕಿಯನ್ನು ಗುರುತು ಮಾಡಿಟ್ಟರೆ, ಎಂಜಿನ್ ಯಾವ ಕಡೆ ಸಾಗುತ್ತಿದೆ ಎಂಬುದು ಮೈಲೇಜ್ ಬೀಳುವ ಮೊದಲೇ ತಿಳಿಯುತ್ತದೆ. ಪರೀಕ್ಷೆಯನ್ನು ಪ್ರಾಮಾಣಿಕವಾಗಿ ಮಾಡುವ ಕೇಂದ್ರ ಸಿಗಬೇಕು, ಅಷ್ಟೆ.

ಏರ್ ಫಿಲ್ಟರ್ ವಿಷಯದಲ್ಲಿ ಪೆಟ್ರೋಲ್ ಕಾರಿನ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಿಲ್ಟರ್ ಕಟ್ಟಿಕೊಂಡರೂ ಆಧುನಿಕ ಪೆಟ್ರೋಲ್ ಕಾರುಗಳ ಮೈಲೇಜ್ ಗಮನಾರ್ಹವಾಗಿ ಬೀಳಲಿಲ್ಲ. ಬಂದ ಗಾಳಿಗೆ ತಕ್ಕಂತೆ ಅಲ್ಲಿನ ಕಂಪ್ಯೂಟರ್ ಇಂಧನ ಇಳಿಸುತ್ತದೆ. ಟರ್ಬೊ ಇಲ್ಲದ ಹಳೆಯ ಡೀಸೆಲ್‌ಗೆ ಅಂಥ ಕಣ್ಣಿಲ್ಲ. ಕಾಲು ಎಷ್ಟು ಕೇಳಿತೋ ಅಷ್ಟು ಇಂಧನವನ್ನು ಪಂಪ್ ಕಳಿಸಿಬಿಡುತ್ತದೆ. ಗಾಳಿ ಸಾಲದಿದ್ದರೆ ಉಳಿದದ್ದು ಮಸಿಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಬಯಲುಸೀಮೆಯ ಮಣ್ಣುರಸ್ತೆಗಳಲ್ಲಿ ಓಡುವ ಕಾರಿಗೆ ಫಿಲ್ಟರ್ ಬದಲಿಸಲು ಕಂಪನಿ ಪುಸ್ತಕ ಹೇಳುವ ಅವಧಿ ತೀರ ದೀರ್ಘವಾಯಿತು.

ನಾಝಲ್ ಮತ್ತು ಪಂಪ್ ಈ ಎಂಜಿನ್ನಿನ ಹೃದಯ. ಮೊದಲ ತಲೆಮಾರಿನ ನಾಝಲ್ ಸಾಮಾನ್ಯವಾಗಿ 120ರಿಂದ 150 ಬಾರ್ ಒತ್ತಡದಲ್ಲಿ ತೆರೆಯಬೇಕು. ಒಳಗಿನ ಸ್ಪ್ರಿಂಗ್ ಸೊರಗಿದಂತೆ ಆ ಒತ್ತಡ ಇಳಿಯುತ್ತದೆ, ತುದಿ ಸವೆದು ಮಂಜಿನಂತೆ ಸಿಂಪಡಿಸಬೇಕಾದದ್ದು ಧಾರೆಯಾಗುತ್ತದೆ. ನಾಝಲ್ ಬಿಚ್ಚಿ ಕೈಪಂಪಿನ ಟೆಸ್ಟರಿಗೆ ಕಟ್ಟಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಗೊತ್ತಾಗುವ ಸಂಗತಿ ಇದು. ಕರ್ನಾಟಕದ ಸಣ್ಣ ಊರುಗಳಲ್ಲೂ ಇಂಥ ಡೀಸೆಲ್ ಪಂಪ್ ರಿಪೇರಿ ಅಂಗಡಿಗಳು ಇರುವುದಕ್ಕೆ ಒಂದು ಹಿನ್ನೆಲೆ ಇದೆ. 1951ರಲ್ಲಿ ಸ್ಥಾಪನೆಯಾದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಇಂಜೆಕ್ಷನ್ ಉಪಕರಣಗಳನ್ನು ತಯಾರಿಸುತ್ತ, ಲಾರಿ, ಟ್ರ್ಯಾಕ್ಟರುಗಳ ಡೀಸೆಲ್ ಲೋಕಕ್ಕೆ ಆಧಾರವಾಗಿ ನಿಂತಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಪಂಪ್ ಇನ್ನೂ ಮೈಕೋ ಪಂಪೇ.

ಪಂಪಿನ ಟೈಮಿಂಗ್ ಎರಡನೆಯದು. ಇಂಧನ ಚಿಮ್ಮುವ ಗಳಿಗೆ ಕೆಲವೇ ಡಿಗ್ರಿ ತಡವಾದರೂ ಉರಿ ಪಿಸ್ಟನ್ ಕೆಳಗಿಳಿಯುವಾಗ ಮುಂದುವರಿಯುತ್ತದೆ. ಶಾಖ ಕೆಲಸಕ್ಕೆ ಒದಗದೆ ಸೈಲೆನ್ಸರಿಗೆ ಹೋಗುತ್ತದೆ. ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ, ಪಂಪ್ ಇಳಿಸಿ ಏರಿಸಿದ ಮೇಲೆ, ಪಂಪಿನ ಹಿಂಭಾಗದಲ್ಲಿ ಡಯಲ್ ಗೇಜ್ ಕೂರಿಸಿ ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಹೊಂದಿಸಬೇಕು. ಸದ್ದು ಕೇಳಿ, ಪಂಪನ್ನು ಅತ್ತಿತ್ತ ತಿರುಗಿಸಿ 'ಸೆಟ್' ಮಾಡುವವರೇ ಹೆಚ್ಚು. ಕಿವಿ ಪಳಗಿದವರು ಹತ್ತಿರಕ್ಕೆ ತರಬಲ್ಲರು ನಿಜ, ಆದರೆ ಹತ್ತಿರಕ್ಕೂ ಸರಿಯಾದದ್ದಕ್ಕೂ ನಡುವಿನ ವೆಚ್ಚವನ್ನು ಮಾಲೀಕ ಬಂಕ್‌ನಲ್ಲಿ ಕಟ್ಟುತ್ತಾನೆ. ಇದಕ್ಕಿಂತ ಕೆಟ್ಟದ್ದು ಪಿಕಪ್ ಇಲ್ಲವೆಂದು ದೂರಿದಾಗ ಪಂಪಿನ ಗರಿಷ್ಠ ಇಂಧನದ ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡಿ ಕಳಿಸುವ ಚಾಳಿ. ಕಾರು ಆ ಸಂಜೆಗೆ ಚುರುಕಾಗಿ ಕಾಣುತ್ತದೆ. ಪಿಕಪ್ ಏಕೆ ಹೋಗಿತ್ತೋ ಆ ಕಾರಣ ಹಾಗೇ ಉಳಿದು, ಮೇಲೊಂದಿಷ್ಟು ಕಪ್ಪು ಹೊಗೆ ಸೇರುತ್ತದೆ.

ಭಾರತದ ಗ್ಯಾರೇಜುಗಳಿಗೇ ವಿಶಿಷ್ಟವೆನ್ನಬಹುದಾದ ಒಂದು ನಷ್ಟ ಥರ್ಮೋಸ್ಟಾಟ್‌ನದು. ಎಂಜಿನ್ ಬಿಸಿಯಾಗುತ್ತದೆ ಎಂದು ದೂರು ಬಂದರೆ, ರೇಡಿಯೇಟರ್ ತೊಳೆಯುವುದಕ್ಕಿಂತ ಸುಲಭವಾದ ಉಪಾಯವೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವುದು ಹಲವೆಡೆ ರೂಢಿ. 'ನಮ್ಮ ದೇಶದ ಸೆಕೆಗೆ ಅದು ಬೇಡ ಸಾರ್' ಎಂಬ ಸಮಜಾಯಿಷಿ ಜೊತೆಗೆ ಬರುತ್ತದೆ. ವಾಸ್ತವವಾಗಿ ಆ ಪುಟ್ಟ ಕವಾಟ ಕೂಲಂಟ್ 80-90 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರಿನ ದಾರಿ ಮುಚ್ಚಿ ಎಂಜಿನ್ ಬೇಗ ಕಾಯುವಂತೆ ಮಾಡುತ್ತದೆ. ಅದಿಲ್ಲದ ಎಂಜಿನ್ ಹೆದ್ದಾರಿಯ ಗಾಳಿಯಲ್ಲಿ ಸದಾ ತಣ್ಣಗೇ ಓಡುತ್ತದೆ. ಆಯಿಲ್ ಮಂದವಾಗಿ ಘರ್ಷಣೆ ಹೆಚ್ಚು, ಗೋಡೆಗಳು ತಣ್ಣಗಿದ್ದು ಉರಿ ಅಪೂರ್ಣ, ಸವೆತವೂ ಬೇಗ. ಪಕ್ಕದ ಕೋಣೆಯಲ್ಲಿ ಉರಿಸುವ ಎಂಜಿನ್ನುಗಳಿಗೆ ಇದರ ಪೆಟ್ಟು ಇನ್ನೂ ಜಾಸ್ತಿ. ಹಳೆಯ ಕಾರು ಕೊಂಡವರು ಮೊದಲು ನೋಡಬೇಕಾದದ್ದು ತಾಪದ ಮುಳ್ಳು: ಅರ್ಧ ಗಂಟೆ ಓಡಿದ ಮೇಲೂ ಅದು ಮಧ್ಯಕ್ಕೆ ಬಾರದಿದ್ದರೆ, ಹೆಚ್ಚು ದುಬಾರಿಯಲ್ಲದ ಒಂದು ಬಿಡಿಭಾಗ ಕಾಣೆಯಾಗಿದೆ ಅಥವಾ ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡಿದೆ. ಕ್ವಾಲಿಸ್‌ನಂಥ ಗಾಡಿಗಳಲ್ಲಿ ಫ್ಯಾನಿನ ಕ್ಲಚ್ ಜಾಮ್ ಆಗಿದ್ದರೆ ಫ್ಯಾನ್ ಎಲ್ಲ ವೇಗದಲ್ಲೂ ಎಂಜಿನ್ ಜೊತೆ ಗಿರ್ರನೆ ತಿರುಗುತ್ತ ಶಕ್ತಿ ನುಂಗುತ್ತದೆ.

ಟ್ಯಾಪೆಟ್ ಅಂತರ, ಹೀಟರ್ ಪ್ಲಗ್, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿ ಹಿಡಿಯುವುದು, ರಿಟರ್ನ್ ಹೋಸ್‌ಗಳಿಂದ ಜಿನುಗುವುದು ಇವೆಲ್ಲ ಮಾಮೂಲಿ ಸರ್ವಿಸ್‌ನ ಬಾಬತ್ತು. ಕಂಪ್ರೆಷನ್ ಕುಸಿದಿದ್ದರೆ ಮಾತ್ರ ಮೇಲೆ ಹೇಳಿದ ಯಾವುದೂ ನಾಟುವುದಿಲ್ಲ. ಅದಕ್ಕೇ ತಿಳಿದವರು ಖರ್ಚಿಗೆ ಕೈಹಾಕುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸುತ್ತಾರೆ.

ಕಾಮನ್ ರೈಲ್ ಕಾರುಗಳು

ಇಲ್ಲಿ ಒತ್ತಡ ನೂರರ ಲೆಕ್ಕದಲ್ಲಿಲ್ಲ. ಆರಂಭದ ಪೀಳಿಗೆಯಲ್ಲೇ 1350ರಿಂದ 1600 ಬಾರ್. ಟೈಮಿಂಗನ್ನು ಕಂಪ್ಯೂಟರ್ ನೋಡಿಕೊಳ್ಳುವುದರಿಂದ ಸ್ಕ್ರೂ ತಿರುಗಿಸುವ ಪ್ರಶ್ನೆಯಿಲ್ಲ. ರೋಗಗಳೂ ಬೇರೆ. ಬಳಸಿದ ಹೊಗೆಯಲ್ಲಿ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಕವಾಟ ಮಸಿ ಕಟ್ಟಿ ತೆರೆದೇ ನಿಲ್ಲುತ್ತದೆ. ಗಾಳಿಯ ಮಾಪಕದ ತಂತಿ ಕೊಳೆಯಾಗಿ ಕಡಿಮೆ ಗಾಳಿ ಬಂತೆಂದು ವರದಿ ಮಾಡುತ್ತದೆ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಒಡೆದು, ಒತ್ತಿ ತುಂಬಿದ ಗಾಳಿ ಬುಸ್ಸೆಂದು ಹೊರಹೋಗುತ್ತದೆ. ಈ ಕೊನೆಯದು ತೀರ ಸಾಮಾನ್ಯ, ತೀರ ಅಗ್ಗ, ಮತ್ತು ಅನೇಕ ಸಲ ಟರ್ಬೊವನ್ನೇ ಬದಲಿಸಿದ ಮೇಲೆ ಪತ್ತೆಯಾಗುವಂಥದು. ಇಂಜೆಕ್ಟರ್ ಸವೆತವನ್ನು ತಿಳಿಯಲು ಪ್ರತಿಯೊಂದರಿಂದ ಮರಳಿ ಬರುವ ಡೀಸೆಲನ್ನು ಸೀಸೆಗಳಲ್ಲಿ ಹಿಡಿದು ಹೋಲಿಸುತ್ತಾರೆ. ಒಂದರಲ್ಲಿ ಮಟ್ಟ ಏರಿದ್ದರೆ ಅದೇ ದೋಷಿ. ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕೆಂಬ ಸಲಹೆಯನ್ನು ಒಪ್ಪುವ ಮೊದಲು ಈ ಪರೀಕ್ಷೆಯನ್ನು ಕಣ್ಣಾರೆ ನೋಡುವುದು ಲೇಸು.

ಯುರೋಪಿನ ಹಳೆಯ ಡೀಸೆಲ್‌ಗಳಿಗೆ ಇರುವ ಇನ್ನೊಂದು ತಲೆನೋವು ಮಸಿ ಹಿಡಿಯುವ ಫಿಲ್ಟರ್. ಅದು ತುಂಬಿದಾಗ ಹೆಚ್ಚುವರಿ ಇಂಧನ ಚಿಮ್ಮಿ ಮಸಿಯನ್ನು ಸುಡಬೇಕು. ಸಣ್ಣಪುಟ್ಟ ಓಡಾಟದಲ್ಲೇ ಕಾಲ ಕಳೆಯುವ ಕಾರಿನಲ್ಲಿ ಇದು ಮತ್ತೆಮತ್ತೆ ನಡೆದು ಮೈಲೇಜ್ ತಿನ್ನುತ್ತದೆ. ಬಿಎಸ್ 6ಕ್ಕೆ ಹಿಂದಿನ ಭಾರತೀಯ ಕಾರುಗಳಲ್ಲಿ ಬಹುಪಾಲಿಗೆ ಈ ಫಿಲ್ಟರೇ ಇಲ್ಲ.

ಚಕ್ರ ಮತ್ತು ಗಾಳಿ

ಎಂಜಿನ್ ಸರಿಯಿದ್ದೂ ಮೈಲೇಜ್ ಬಾರದಿದ್ದರೆ ಕಾರನ್ನು ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಕೈಯಿಂದ ತಳ್ಳಿ ನೋಡಬೇಕು. ಒಬ್ಬರೇ ತಳ್ಳಿದರೆ ಸರಾಗವಾಗಿ ಉರುಳದ ಸಣ್ಣ ಕಾರಿನಲ್ಲಿ ಬ್ರೇಕ್ ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ತುಕ್ಕು ಹಿಡಿದ ಹ್ಯಾಂಡ್‌ಬ್ರೇಕ್ ಕೇಬಲ್, ಗ್ರೀಸ್ ಒಣಗಿದ ಕ್ಯಾಲಿಪರ್ ಪಿನ್, ಎರಡೂ ಕರಾವಳಿ ಮತ್ತು ಮಲೆನಾಡಿನ ಮಳೆಯಲ್ಲಿ ಬೇಗ ಬರುವ ತೊಂದರೆಗಳು. ಒಂದಷ್ಟು ದೂರ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈಹಿಡಿದರೆ, ಮಿಕ್ಕವಕ್ಕಿಂತ ಬಿಸಿಯಾಗಿರುವುದು ಯಾವುದೆಂದು ಮುಟ್ಟದೆಯೇ ತಿಳಿಯುತ್ತದೆ.

ಟೈರ್ ಗಾಳಿಯ ಮಹಿಮೆಯನ್ನು ಮಾತ್ರ ಸ್ವಲ್ಪ ಉಬ್ಬಿಸಿ ಹೇಳುವುದುಂಟು. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ ನಾಲ್ಕೂ ಟೈರುಗಳಲ್ಲಿ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು ಶೇಕಡ 0.2 ಇಳಿಯುತ್ತದೆ. ಅಂದರೆ 33 ಇರಬೇಕಾದ್ದು 25ಕ್ಕೆ ಇಳಿದಿದ್ದರೂ ನಷ್ಟ ಶೇಕಡ ಎರಡರ ಒಳಗೆ. ಟೈರ್ ಅಂಚು ಸವೆಯುವುದು, ಹೆದ್ದಾರಿಯಲ್ಲಿ ಕಾದು ಸಿಡಿಯುವುದು ಇದಕ್ಕಿಂತ ದೊಡ್ಡ ಕಾರಣಗಳು. ಗಾಳಿ ತುಂಬಿಸಬೇಕಾದ್ದು ಅವಕ್ಕಾಗಿ.

ವೇಗದ ಲೆಕ್ಕ ಹಾಗಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 80ರಿಂದ 100ಕ್ಕೆ ಹೋದರೆ ವೇಗ ಕಾಲುಭಾಗ ಹೆಚ್ಚಿ, ಪ್ರತಿರೋಧ ಅರ್ಧಕ್ಕಿಂತ ಹೆಚ್ಚು ಏರಿ, ಗಾಳಿ ಸೀಳಲು ಬೇಕಾದ ಶಕ್ತಿ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಪೆಟ್ಟಿಗೆಯಂತೆ ಚೌಕಾಕಾರದ ಸುಮೊ, ಬೊಲೆರೊಗಳಿಗೆ ಈ ಹೊಡೆತ ಇನ್ನೂ ಬಲ. ಅವುಗಳ ನೆತ್ತಿಯ ಮೇಲೆ ವರ್ಷಪೂರ್ತಿ ಖಾಲಿ ಕೂತಿರುವ ಕ್ಯಾರಿಯರ್ ಧರ್ಮಸ್ಥಳ, ತಿರುಪತಿ ಯಾತ್ರೆಯ ಎರಡು ದಿನಕ್ಕೆ ಬೇಕಾದದ್ದು. ಮಿಕ್ಕ ದಿನಗಳಲ್ಲಿ ಅದು ಗಾಳಿಯೊಂದಿಗೆ ಸೆಣಸುವ ಕಬ್ಬಿಣ ಅಷ್ಟೆ. 1978ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಗಂಟೆಗೆ 45ರಿಂದ 55 ಕಿಮೀ ವೇಗವನ್ನು ಶಿಫಾರಸು ಮಾಡುತ್ತ ಬಂದಿದೆ. ಇಂದಿನ ಚತುಷ್ಪಥಗಳಲ್ಲಿ ಆ ವೇಗದಲ್ಲಿ ಹೋಗುವುದು ಹಿಂದಿನ ಲಾರಿಯವರ ತಾಳ್ಮೆಯ ಪರೀಕ್ಷೆ. 70-80ರಲ್ಲಿ ಎಡಬದಿಗೆ ನೆಮ್ಮದಿಯಾಗಿ ಸಾಗುವುದು ನಡೆಸಬಹುದಾದ ರಾಜಿ.

ಕಾಲಿನ ಹತೋಟಿ

ಡೀಸೆಲ್ ಎಂಜಿನ್ ಅತಿ ಮಿತವಾಗಿ ಇಂಧನ ಬಳಸುವುದು ಸುಮಾರು 1800ರಿಂದ 2200 ಆರ್‌ಪಿಎಮ್ ನಡುವೆ, ಅದೂ ಸಾಕಷ್ಟು ಹೊರೆ ಹೊತ್ತಿರುವಾಗ. ಗೇರ್ ಬೇಗ ಏರಿಸಿ, ಮೇಲಿನ ಗೇರಿನಲ್ಲಿ ಆಕ್ಸಿಲರೇಟರನ್ನು ತುಸು ಗಟ್ಟಿಯಾಗಿಯೇ ಒತ್ತುವುದು ಕೆಳಗಿನ ಗೇರಿನಲ್ಲಿ ಮೆಲ್ಲಗೆ ಒತ್ತಿ ಎಂಜಿನ್ ಅರಚಿಸುವುದಕ್ಕಿಂತ ಮೇಲು. ಎಂಜಿನ್ ಗಡಗಡ ನಡುಗಿದರೆ ಮಾತ್ರ ಅತಿಯಾಯಿತೆಂದು ತಿಳಿಯಬೇಕು.

ಇಳಿಜಾರಿನಲ್ಲಿ ನ್ಯೂಟ್ರಲ್ ಹೊಡೆಯುವುದು ನಮ್ಮ ಚಾಲಕರಲ್ಲಿ ಬೇರೂರಿದ ಉಳಿತಾಯ ವಿದ್ಯೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಹೀಗೆ ಇಳಿದು ಡೀಸೆಲ್ ಉಳಿಸಿದೆವೆಂದು ಬೀಗುವವರಿದ್ದಾರೆ. ಎಂಜಿನ್ ಕೆಲಸ ಮಾಡುವ ರೀತಿ ಇದಕ್ಕೆ ತದ್ವಿರುದ್ಧ. ಗೇರಿನಲ್ಲಿರುವ ಕಾರಿನ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಐಡಲ್ ವೇಗಕ್ಕಿಂತ ಮೇಲಿರುವವರೆಗೆ ಪಂಪಿನ ಗವರ್ನರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನ ಐಡಲ್ ಉಳಿಸಿಕೊಳ್ಳಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಮೇಲಾಗಿ ಎಂಜಿನ್ ಬ್ರೇಕಿಂಗ್ ಇಲ್ಲದೆ ಎಲ್ಲ ಭಾರ ಬ್ರೇಕ್ ಲೈನರುಗಳ ಮೇಲೆ ಬಿದ್ದು ಅವು ಕಾದು ಸೋಲುತ್ತವೆ. ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರ ಸಾಹಸ ಇನ್ನೂ ಘೋರ: ಡೀಸೆಲ್ ಕಾರಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತವನ್ನು ಎಂಜಿನ್ನಿನಿಂದ ತಿರುಗುವ ಬೇರೆ ಪಂಪೊಂದು ಒದಗಿಸುತ್ತದೆ, ಎಂಜಿನ್ ನಿಂತರೆ ನಾಲ್ಕೈದು ಸಲ ಒತ್ತುವುದರೊಳಗೆ ಪೆಡಲ್ ಕಲ್ಲಾಗುತ್ತದೆ. ಸ್ವಲ್ಪ ಇಳಿಜಾರಿರುವ ಉದ್ದನೆಯ ನೇರ ರಸ್ತೆಯಲ್ಲಿ ನ್ಯೂಟ್ರಲ್‌ನಿಂದ ತುಸು ಉಳಿಯುವ ಸಂದರ್ಭಗಳು ಲೆಕ್ಕದಲ್ಲಿ ಇವೆ. ಘಾಟಿ ಆ ಜಾತಿಯದಲ್ಲ.

ನಿಂತಲ್ಲೇ ಓಡುವ ಸಣ್ಣ ಡೀಸೆಲ್ ಎಂಜಿನ್ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ. ಬೆಂಗಳೂರಿನಲ್ಲಿ ದಿನಕ್ಕೆ ಒಂದು ಗಂಟೆಯನ್ನು ಸಿಗ್ನಲ್‌ಗಳಲ್ಲಿ ಕಳೆಯುವ ಕಾರಿಗೆ ತಿಂಗಳಿಗೆ ಹತ್ತು ಹದಿನೈದು ಲೀಟರ್ ಹೀಗೇ ಹೋಗುತ್ತದೆ. ಹಳೆಯ ಡೀಸೆಲ್‌ಗಳನ್ನು ಬೆಳಗ್ಗೆ ಹತ್ತು ನಿಮಿಷ 'ಬಿಸಿ ಮಾಡುವ' ಪದ್ಧತಿಯೂ ಇದೇ ಖಾತೆಯದು. ಐಡಲ್‌ನಲ್ಲಿ ಡೀಸೆಲ್ ಕಾಯುವುದೇ ನಿಧಾನ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ಬೇಗ ಕಾಯುತ್ತದೆ. ಎಸಿಯ ವಿಷಯ ಸರಳ. ಐವತ್ತು ಚಿಲ್ಲರೆ ಅಶ್ವಶಕ್ತಿಯ ಎಂಜಿನ್ನಿನಿಂದ ಕಂಪ್ರೆಸರ್ ಮೂರು ನಾಲ್ಕನ್ನು ಕಿತ್ತುಕೊಂಡರೆ ಅದು ಗೊತ್ತಾಗದೆ ಇರದು.

ಮದ್ದು, ಮಂತ್ರ, ಹೊಂಗೆ

ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಗಾಳಿಯನ್ನು ಸುಳಿಯಾಗಿಸುವ ಬಿಲ್ಲೆ, ಟ್ಯಾಂಕಿಗೆ ಹಾಕುವ ಮಾತ್ರೆ, ಇವುಗಳ ವ್ಯಾಪಾರ ಎಂಜಿನ್ನಿನಷ್ಟೇ ಹಳೆಯದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1970ರ ದಶಕದಿಂದ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ; ಅಲ್ಪಸ್ವಲ್ಪ ಲಾಭ ತೋರಿದವು ಬೆರಳೆಣಿಕೆಯಷ್ಟು. ಬಳಸಿದವರು ಪ್ರಾಮಾಣಿಕವಾಗಿಯೇ ಹೊಗಳುತ್ತಾರೆ. ಸಾಧನ ಕೊಂಡವನು ಮರುದಿನದಿಂದ ಮೈಲೇಜ್ ಮೇಲೆ ಕಣ್ಣಿಟ್ಟು ಮೆಲ್ಲಗೆ ಓಡಿಸುತ್ತಾನೆ, ಉಳಿತಾಯ ಆಗಿಯೇ ಆಗುತ್ತದೆ. ನಾಝಲ್ ಶುಚಿಗೊಳಿಸುವ ದ್ರವಗಳು ಈ ಸಾಲಿಗೆ ಪೂರ್ತಿ ಸೇರುವುದಿಲ್ಲ. ಕೊಳೆ ಕಟ್ಟಿದ ನಾಝಲ್ ಇದ್ದರೆ ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ, ಸವೆದ ನಾಝಲನ್ನು ಸರಿಮಾಡವು. ದಹನ ಚುರುಕಾಗಿಸುವ ಸೀಟೇನ್ ವರ್ಧಕಗಳ ಅಗತ್ಯವೂ ಈಗ ಕಡಿಮೆ, ಬಂಕ್‌ನ ಸಾಮಾನ್ಯ ಡೀಸೆಲ್‌ಗೇ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕೆಂದು ನಿಯಮವಿದೆ.

ಸೀಮೆಎಣ್ಣೆ ಬೆರಕೆ ನಿಜವಾದ ಹಾನಿ. ಅದು ಡೀಸೆಲ್‌ಗಿಂತ ಹಗುರ, ಲೀಟರಿಗೆ ಶಕ್ತಿಯೂ ಕಡಿಮೆ. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಾರೆಣ್ಣೆಯಾದ್ದರಿಂದ ತೆಳುವಾದ ಸೀಮೆಎಣ್ಣೆ ಅವನ್ನು ಸವೆಸುತ್ತದೆ. ಮೈಲೇಜ್ ಮೊದಲು, ಪಂಪ್ ಆಮೇಲೆ ಹೋಗುತ್ತದೆ.

ಕರ್ನಾಟಕದಲ್ಲಿ ಗಂಭೀರವಾಗಿ ನಡೆದ ಪ್ರಯೋಗ ಹೊಂಗೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ತಂಡ ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ಗ್ರಾಮಗಳಿಗೆ ವಿದ್ಯುತ್ ಕೊಡುವ ಕೆಲಸ ಮಾಡಿತು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬಂತು. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನುಗಳು ಇಂಥ ಇಂಧನವನ್ನು ಕಾಮನ್ ರೈಲ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. ಮಿತವ್ಯಯದ ದೃಷ್ಟಿಯಿಂದ ಮಾತ್ರ, ಸಂಸ್ಕರಿಸಿದ ಜೈವಿಕ ಡೀಸೆಲ್‌ನಲ್ಲಿ ಲೀಟರಿಗೆ ಶಕ್ತಿ ಶೇಕಡ ಎಂಟರಷ್ಟು ಕಡಿಮೆ. ಅಗ್ಗಕ್ಕೆ ಸಿಕ್ಕರೆ ಹಣ ಉಳಿದೀತು, ಮೈಲೇಜ್ ಏರುವುದಿಲ್ಲ.

ಲಾಭ ನಷ್ಟ

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ ಹೋದ ಮೇಲೆ ಪೆಟ್ರೋಲ್ ಜೊತೆಗಿನ ಅಂತರ ಕಿರಿದಾಗಿದೆ. ಹಳೆಯ ಡೀಸೆಲ್ ಕಾರು ಇಟ್ಟುಕೊಳ್ಳುವ ಲೆಕ್ಕಾಚಾರವೂ ಬದಲಾಗಿದೆ. ವರ್ಷಕ್ಕೆ 12,000 ಕಿಮೀ ಓಡುವ ಕಾರು 14ರಿಂದ 16ಕ್ಕೆ ಏರಿದರೆ ಉಳಿಯುವುದು ಸುಮಾರು 107 ಲೀಟರ್. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಒಂಬತ್ತೂವರೆ ಸಾವಿರದ ಆಸುಪಾಸು. ಥರ್ಮೋಸ್ಟಾಟ್, ಬ್ರೇಕ್, ಫಿಲ್ಟರ್, ನಾಝಲ್ ಪರೀಕ್ಷೆ, ಟೈಮಿಂಗ್ ಇಷ್ಟೂ ಈ ಮೊತ್ತದ ಹತ್ತಿರ ಮುಗಿಯಬಹುದು. ಎಂಜಿನ್ ಬೋರ್ ಮಾಡಿಸುವ ಖರ್ಚನ್ನು ಡೀಸೆಲ್ ಉಳಿತಾಯ ಎಂದೂ ತೀರಿಸದು; ಅದನ್ನು ಮಾಡಿಸುವವರು ಕಾರಿನ ಮೇಲಿನ ಮಮಕಾರಕ್ಕೋ ಬೇರೆ ಕಾರು ಕೊಳ್ಳಲಾಗದ್ದಕ್ಕೋ ಮಾಡಿಸುತ್ತಾರೆ.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಮುಂದೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿಷೇಧ ಹೇರಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಂತರದ ಆದೇಶಗಳಲ್ಲಿ ಆ ನಿಲುವು ಬದಲಾಗುತ್ತ ಬಂದಿದೆ. ಅಲ್ಲಿಂದ ಅಗ್ಗದ ಬೆಲೆಗೆ ಬೇರೆ ರಾಜ್ಯಗಳಿಗೆ ಬರುವ ಹಳೆಯ ಡೀಸೆಲ್ ಕಾರುಗಳನ್ನು ಕೊಳ್ಳುವವರು ಮೀಟರಿನ ಕಿಲೋಮೀಟರ್ ನಂಬದೆ ಕಂಪ್ರೆಷನ್ ಪರೀಕ್ಷೆಯನ್ನೂ ಹೊಗೆಯ ಅಂಕಿಯನ್ನೂ ಕೇಳಿ ಪಡೆಯಬೇಕು, ಸಾಗಿಸುವ ರಾಜ್ಯದಲ್ಲಿ ಮತ್ತೆ ಕಟ್ಟಬೇಕಾದ ರಸ್ತೆ ತೆರಿಗೆಯನ್ನು ಬೆಲೆಗೆ ಸೇರಿಸಿ ನೋಡಬೇಕು.